ತಪ್ಪು ಮಾಡೋದು ನಾನಾ, ನನ್ನೊಳಗಿನ ಇನ್ನೊಬ್ಬನಾ? ಪ್ರಾಚೀನ ಯೆಹೂದಿ ಬರಹಗಳ ಬಗ್ಗೆ ಒಂದು ಪ್ರಶ್ನೆ

ಕೊಪ್ಪದ ಓದುಗ:
ಕೆಲವು ದಿನಗಳಿಂದ ಬೈಬಲಿನ ಹಳೆ ಒಡಂಬಡಿಕೆಯನ್ನು ಸಾಹಿತ್ಯ ಅಂತ ಓದುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ವಿಮೋಚನಕಾಂಡ 20ರಲ್ಲಿ, ಅದೂ ಹತ್ತು ಆಜ್ಞೆಗಳ ನಡುವೆಯೇ, ಅಪ್ಪಂದಿರ ದೋಷಕ್ಕೆ ಮೂರು ನಾಲ್ಕು ತಲೆಮಾರಿನ ತನಕ ಮಕ್ಕಳನ್ನು ದಂಡಿಸುವ ದೇವರು ಬರುತ್ತಾನೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 18ನೇ ಅಧ್ಯಾಯಕ್ಕೆ ಬಂದರೆ ಅದೇ ದೇವರು ಉಲ್ಟಾ ಮಾತಾಡುತ್ತಾನೆ. ಪಾಪ ಮಾಡಿದವನೇ ಸಾಯಬೇಕು. ಮಗ ಅಪ್ಪನ ದೋಷ ಹೊರಬೇಕಿಲ್ಲ, ಅಪ್ಪ ಮಗನದ್ದು ಹೊರಬೇಕಿಲ್ಲ.

ಹಿನ್ನೆಲೆ ಇಷ್ಟು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಜೆರುಸಲೇಮನ್ನು ಮಣಿಸಿ, ರಾಜನನ್ನೂ ಊರಿನ ದೊಡ್ಡ ಮನುಷ್ಯರನ್ನೂ ಕೈಕೆಲಸದವರನ್ನೂ ಹಿಡಿದುಕೊಂಡು ಹೋದ. ಆ ಗುಂಪಿನಲ್ಲಿದ್ದ ಯಾಜಕ ಯೆಹೆಜ್ಕೇಲ. ಕೆಬಾರ್ ಕಾಲುವೆ ಹತ್ತಿರ ತೇಲ್ ಆಬೀಬ್ ಅನ್ನುವ ಜಾಗದಲ್ಲಿ ಇವರ ವಾಸ. ಅಲ್ಲಿ ಜನ ಒಂದು ಗಾದೆ ಹೇಳಿಕೊಂಡು ಓಡಾಡುತ್ತಿದ್ದರು: ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು. ಅಂದರೆ, ಯಾರೋ ಹಿಂದಿನ ರಾಜರು ಮಾಡಿದ್ದನ್ನು ನಾವು ಅನುಭವಿಸುತ್ತಿದ್ದೇವೆ ಅಂತ. ಯೆಹೆಜ್ಕೇಲ ಈ ಗಾದೆಯನ್ನು ಇನ್ನು ಮೇಲೆ ಯಾರೂ ಹೇಳಕೂಡದು ಅನ್ನುತ್ತಾನೆ.

ನನ್ನ ಪ್ರಶ್ನೆ ಎರಡು. ಒಂದೇ ಗ್ರಂಥ ಈ ಎರಡೂ ಮಾತನ್ನು ಹೇಗೆ ಇಟ್ಟುಕೊಂಡಿದೆ? ಮತ್ತೆ, ತಪ್ಪಿನ ಹೊಣೆ ಅವರವರದೇ ಅಂದ ಮೇಲೆ, ಆ ತಪ್ಪು ಮನುಷ್ಯನೊಳಗೆ ಎಲ್ಲಿಂದ ಹುಟ್ಟುತ್ತೆ ಅಂತ ಇವರು ಅಂದುಕೊಂಡಿದ್ದರು?

ಧಾರವಾಡ ವಕೀಲ:
ಮೊದಲನೆಯದಕ್ಕೆ ನಾನು ಹೇಳ್ತೀನಿ. ಕೋರ್ಟಿನ ಶಿಕ್ಷೆ ಬೇರೆ, ದೇವರ ಶಿಕ್ಷೆ ಬೇರೆ. ಅವೆರಡನ್ನು ಬೆರೆಸಬೇಡಿ. ಧರ್ಮೋಪದೇಶಕಾಂಡ 24:16 ಸ್ಪಷ್ಟವಾಗಿದೆ: ಮಕ್ಕಳ ತಪ್ಪಿಗೆ ಅಪ್ಪನಿಗೆ ಮರಣದಂಡನೆ ಇಲ್ಲ, ಅಪ್ಪನ ತಪ್ಪಿಗೆ ಮಕ್ಕಳಿಗಿಲ್ಲ. ಅರಸುಗಳ ಎರಡನೇ ಪುಸ್ತಕದಲ್ಲಿ ಅಮಚ್ಯ ಅನ್ನುವ ರಾಜ ತನ್ನ ಅಪ್ಪನನ್ನು ಕೊಂದವರಿಗೆ ಸಾವು ವಿಧಿಸುತ್ತಾನೆ, ಅವರ ಮಕ್ಕಳನ್ನು ಬಿಡುತ್ತಾನೆ. ಬರೆದವನು ಕಾರಣಕ್ಕೆ ಇದೇ ನಿಯಮವನ್ನು ತೋರಿಸುತ್ತಾನೆ.

ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗಬೇಕಾದರೆ ಪಕ್ಕದ ಮನೆ ನೋಡಬೇಕು. ಬಾಬಿಲೋನಿನ ಹಳೆಯ ರಾಜ ಹಮ್ಮುರಾಬಿಯ ಶಾಸನದಲ್ಲಿ, ಕಟ್ಟಿದ ಮನೆ ಕುಸಿದು ಮಾಲೀಕನ ಮಗ ಸತ್ತರೆ ಕಟ್ಟಿದವನ ಮಗನನ್ನು ಕೊಲ್ಲಬೇಕು. ತಪ್ಪು ಯಾರದೋ, ತಲೆ ಯಾರದೋ. ವಿಮೋಚನಕಾಂಡ 21ರಲ್ಲಿ ಹಾಯುವ ಎತ್ತಿನ ಕಾನೂನು ಇದೆ. ಎತ್ತು ಹಾಯುತ್ತೆ ಅಂತ ಗೊತ್ತಿದ್ದೂ ಕಟ್ಟಿಹಾಕದೆ ಬಿಟ್ಟು ಯಾರಾದರೂ ಸತ್ತರೆ ಮಾಲೀಕನೇ ಹೊಣೆ. ಆಮೇಲೆ ಒಂದು ವಾಕ್ಯ: ಸತ್ತದ್ದು ಯಾರದೋ ಮಗನಾಗಲಿ ಮಗಳಾಗಲಿ, ಇದೇ ನಿಯಮ. ಸುಮ್ನೆ ಸೇರಿಸಿದ ಹಾಗೆ ಕಾಣುತ್ತೆ. ಆದರೆ ಮಗನಿಗೆ ಮಗ ಅನ್ನುವ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ.

ಹಾಗಂತ ಇವರು ಎಲ್ಲ ಕಡೆ ಹೀಗೇ ಇದ್ದರು ಅಂತಲ್ಲ. ಯೆಹೋಶುವನ 7ನೇ ಅಧ್ಯಾಯದಲ್ಲಿ ಆಕಾನ ಕದ್ದ ತಪ್ಪಿಗೆ ಅವನ ಮಕ್ಕಳು, ದನ, ಕುರಿ, ಗುಡಾರ ಎಲ್ಲವೂ ಹೋಗುತ್ತವೆ. ಯೆಹೆಜ್ಕೇಲ ಮಾಡಿದ್ದು ನನ್ನ ಪ್ರಕಾರ ಇಷ್ಟು: ಮನುಷ್ಯರ ನ್ಯಾಯಾಲಯಕ್ಕಿದ್ದ ನಿಯಮವನ್ನು ದೇವರ ಮೇಲೂ ಹೇರಿದ. ಅವನ ಶೈಲಿಯೂ ತೀರ್ಪು ಬರೆದ ಹಾಗೇ ಇದೆ. ಒಬ್ಬ ಒಳ್ಳೆಯವನು, ಅವನಿಗೆ ಹಿಂಸೆಯ ಮಗ, ಆ ಮಗನಿಗೆ ಮತ್ತೆ ಒಳ್ಳೆಯ ಮಗ. ಮೂರು ತಲೆಮಾರು, ಮೂರು ಪ್ರಕರಣ, ಬೇರೆ ಬೇರೆ ತೀರ್ಪು. ಆರೋಪಗಳ ಪಟ್ಟಿಯೂ ನೆಲದ ಮೇಲಿನದ್ದೇ: ಅಡವಿಟ್ಟ ವಸ್ತು ಹಿಂದಕ್ಕೆ ಕೊಟ್ಟನಾ, ಬಡ್ಡಿ ತಿಂದನಾ, ಹಸಿದವನಿಗೆ ಊಟ ಹಾಕಿದನಾ.

ಸುಮ್ನೆ ಕೇಳ್ದೆ:
ಇದು ನಮ್ಮ ಕರ್ಮ ಸಿದ್ಧಾಂತವೇ ಅಲ್ವಾ? ಮಾಡಿದ್ದುಣ್ಣೋ ಮಹಾರಾಯ.

ಗಣಿತದ ಟೀಚರ್:
ಅಲ್ಲ ಅನ್ಸುತ್ತೆ. ಅದೇ ಅಧ್ಯಾಯವನ್ನು ಇನ್ನೂ ನಾಲ್ಕು ವಾಕ್ಯ ಓದಿ. ಕೆಟ್ಟವನು ತಿರುಗಿಕೊಂಡರೆ ಅವನ ಹಿಂದಿನ ಪಾಪ ಒಂದನ್ನೂ ನೆನಪಿಗೆ ತರುವುದಿಲ್ಲ ಅಂತಿದೆ. ಒಳ್ಳೆಯವನು ಕೆಟ್ಟರೆ ಅವನ ಹಿಂದಿನ ಪುಣ್ಯವೂ ಲೆಕ್ಕಕ್ಕಿಲ್ಲ. ಬಾಕಿ ಮುಂದಕ್ಕೆ ಸಾಗುವುದೇ ಇಲ್ಲ. ಅಪ್ಪನ ಖಾತೆ ಬಿಡಿ, ಸ್ವಂತ ಹಳೆ ಖಾತೆಯೂ ಇಲ್ಲ. ಈಗ ಯಾವ ಕಡೆ ಮುಖ ಮಾಡಿದ್ದೀಯ ಅನ್ನುವುದೊಂದೇ. ಕೇಳಿದ ಜನಕ್ಕೆ ಇದು ಇಷ್ಟವಾಗಲಿಲ್ಲ ಅನ್ನುವುದೂ ಅಲ್ಲೇ ಇದೆ. ಕರ್ತನ ದಾರಿ ಸಮವಲ್ಲ ಅಂತ ಗೊಣಗುತ್ತಾರೆ. ನನಗೂ ಹಾಗೇ ಅನ್ನಿಸಿತು, ನಿಜ ಹೇಳಬೇಕಂದ್ರೆ. ಜೀವನವಿಡೀ ನೇರ ನಡೆದವನ ಲೆಕ್ಕ ಒಂದೇ ದಿನದಲ್ಲಿ ಸೊನ್ನೆಯಾಗೋದು ಯಾವ ನ್ಯಾಯ?

ನಿವೃತ್ತ ಮೇಷ್ಟ್ರು:
ಎರಡನೇ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಆದಿಕಾಂಡದಲ್ಲಿ ಒಂದು ವಿಚಿತ್ರ ಇದೆ. 6:5ರಲ್ಲಿ, ಮನುಷ್ಯನ ಹೃದಯದ ಒಲವು ಯಾವಾಗಲೂ ಕೆಟ್ಟದ್ದೇ ಅಂತ ದೇವರು ಜಲಪ್ರಳಯ ತರುತ್ತಾನೆ. ನೀರಿಳಿದ ಮೇಲೆ 8:21ರಲ್ಲಿ, ಮನುಷ್ಯನ ಹೃದಯದ ಒಲವು ಚಿಕ್ಕಂದಿನಿಂದಲೇ ಕೆಟ್ಟದ್ದು, ಆದ್ದರಿಂದ ಇನ್ನು ಮೇಲೆ ಭೂಮಿಯನ್ನು ಶಪಿಸುವುದಿಲ್ಲ ಅನ್ನುತ್ತಾನೆ. ನಾಶಕ್ಕೂ ಕ್ಷಮೆಗೂ ಒಂದೇ ಕಾರಣ! ಈ 'ಒಲವು' ಹೀಬ್ರೂವಿನಲ್ಲಿ ಯೆಚೆರ್. ಮುಂದಿನ ಹಲವು ಶತಮಾನಗಳ ಜಗಳವೆಲ್ಲ ಇದರ ಸುತ್ತಲೇ.

ಕ್ರಿ.ಪೂ. 180ರ ಸುಮಾರಿಗೆ ಜೆರುಸಲೇಮಿನಲ್ಲಿ ಬೆನ್ ಸೀರಾ ಅನ್ನುವ ಶಿಕ್ಷಕನಿದ್ದ. ಶ್ರೀಮಂತರ ಮನೆ ಹುಡುಗರಿಗೆ ಬುದ್ಧಿ ಹೇಳುತ್ತಿದ್ದವನು ಅಂತ ಕಾಣುತ್ತೆ. ಅವನ ಪುಸ್ತಕದ 15ನೇ ಅಧ್ಯಾಯದಲ್ಲಿ ಖಡಾಖಂಡಿತ ಮಾತಿದೆ. ದೇವರೇ ನನ್ನನ್ನು ದಾರಿ ತಪ್ಪಿಸಿದ ಅನ್ನಬೇಡ. ಅವನು ಮನುಷ್ಯನನ್ನು ಮಾಡಿ ಅವನದೇ ಒಲವಿನ ಕೈಗೆ ಕೊಟ್ಟ. ನಿನ್ನ ಮುಂದೆ ಬೆಂಕಿ ಇದೆ, ನೀರಿದೆ, ಬೇಕಾದ್ದಕ್ಕೆ ಕೈ ಚಾಚು. ಮನಸ್ಸು ಮಾಡಿದರೆ ಆಜ್ಞೆಗಳನ್ನು ಪಾಲಿಸಬಹುದು, ಅಷ್ಟೇ. ನೆಪ ಹೇಳಬೇಡ ಅಂತ ಹುಡುಗರಿಗೆ ಗದರಿದ ಹಾಗಿದೆ.

ಈಗ ಕುಮ್ರಾನಿಗೆ ಬನ್ನಿ. 1947ರಿಂದ ಮೃತ ಸಮುದ್ರದ ಪಕ್ಕದ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಒಂದು ಪಂಗಡದ ನಿಯಮಾವಳಿ ಇದೆ. ಅದರ ಪ್ರಕಾರ ದೇವರು ಮನುಷ್ಯನಿಗೆ ಎರಡು ಆತ್ಮಗಳನ್ನು ಇಟ್ಟಿದ್ದಾನೆ, ಸತ್ಯದ್ದು ಮತ್ತು ಮೋಸದ್ದು. ಒಂದಕ್ಕೆ ಬೆಳಕಿನ ಅಧಿಪತಿ, ಇನ್ನೊಂದಕ್ಕೆ ಕತ್ತಲೆಯ ದೂತ. ಯಾರ ಪಾಲಿಗೆ ಯಾವುದು ಎಷ್ಟು ಅನ್ನುವುದು ಮೊದಲೇ ನಿಶ್ಚಯ. ಹಾಗಾದರೆ ಯಾರನ್ನೂ ದೂರುವ ಹಾಗಿಲ್ಲ ಅಂದುಕೊಳ್ಳುತ್ತೀರಿ. ಆದರೆ ಅದೇ ಸುರುಳಿಯಲ್ಲಿ ಕೆಲವು ಅಂಕಣ ಮುಂದೆ ಹೋದರೆ ದಂಡದ ಪಟ್ಟಿ! ಸಭೆಯಲ್ಲಿ ನಿದ್ದೆ ಹೊಡೆದರೆ ಮೂವತ್ತು ದಿನ. ಪೆದ್ದುಪೆದ್ದಾಗಿ ಗಟ್ಟಿಯಾಗಿ ನಕ್ಕರೆ ಮೂವತ್ತು ದಿನ. ಇನ್ನೊಬ್ಬ ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಹತ್ತು ದಿನ. ಆಸ್ತಿಯ ವಿಷಯದಲ್ಲಿ ತಿಳಿದೂ ಸುಳ್ಳು ಹೇಳಿದರೆ ಒಂದು ವರ್ಷ ಹೊರಗೆ, ಊಟದಲ್ಲೂ ಕಾಲು ಭಾಗ ಕಡಿತ.

ಎಲ್ಲ ಮೊದಲೇ ಬರೆದಿಟ್ಟದ್ದು ಅನ್ನುವವರೇ ಅತಿ ಕಟ್ಟುನಿಟ್ಟು. ಇದು ನನಗೆ ತಮಾಷೆಯಾಗಿಯೂ ಕಾಣುತ್ತೆ, ಅರ್ಥಪೂರ್ಣವಾಗಿಯೂ ಕಾಣುತ್ತೆ. ಸಿದ್ಧಾಂತದಲ್ಲಿ ಹೊಣೆಯನ್ನು ಆತ್ಮಗಳ ತಲೆಗೆ ಕಟ್ಟಿದರು, ದಿನನಿತ್ಯದಲ್ಲಿ ಮನುಷ್ಯನ ತಲೆಯಿಂದ ಇಳಿಸಲಿಲ್ಲ.

ಸುಮ್ನೆ ಕೇಳ್ದೆ:
ನಡುವೆ ಬಾಯಿ ಹಾಕಿದರೆ ಹತ್ತು ದಿನ 😀 ನಮ್ಮ ಟಿವಿ ಚರ್ಚೆಗಳಿಗೆ ತನ್ನಿ ಸ್ವಾಮಿ ಈ ಕಾನೂನು. ಸ್ಟುಡಿಯೋ ಖಾಲಿ ಹೊಡೆಯುತ್ತೆ.

ಗಣಿತದ ಟೀಚರ್:
ಮೇಷ್ಟ್ರೇ, ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟ ಮೇಲೆ ಬಂದ ಎರಡು ಪುಸ್ತಕಗಳನ್ನು ನೀವು ಬಿಟ್ಟಿರಿ. ನನಗೆ ಇಡೀ ಚರ್ಚೆಯ ಜೀವ ಅಲ್ಲಿದೆ. ಒಂದು ನಾಲ್ಕನೇ ಎಜ್ರ, ಇನ್ನೊಂದು ಎರಡನೇ ಬಾರೂಕ. ಎರಡೂ ಬಾಬಿಲೋನಿನವರು ಮಾಡಿದ ಹಳೆಯ ನಾಶದ ಕಾಲದವರ ಹೆಸರಿನಲ್ಲಿ ಹೊಸ ನಾಶದ ಬಗ್ಗೆ ಅಳುತ್ತವೆ.

ಎಜ್ರ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ಕೊಟ್ಟೆ ಸರಿ, ಆದರೆ ಕೆಟ್ಟ ಹೃದಯವನ್ನು ತೆಗೆಯಲಿಲ್ಲವಲ್ಲ? ಆದಾಮನ ಹೃದಯದಲ್ಲಿ ಮೊದಲಿಗೇ ಕೆಟ್ಟ ಬೀಜದ ಒಂದು ಕಾಳು ಬಿತ್ತಲಾಗಿತ್ತು, ಎಷ್ಟು ಫಸಲು ಬಂತು ನೋಡು. ಮುಂದೆ ಹೋಗಿ, ಆದಾಮನೇ, ಏನು ಮಾಡಿಬಿಟ್ಟೆ, ಪಾಪ ಮಾಡಿದ್ದು ನೀನು, ಬಿದ್ದದ್ದು ನಾವೆಲ್ಲ ಅಂತ ಗೋಳಿಡುತ್ತಾನೆ. ನೋಡಿ, ಹುಳಿ ದ್ರಾಕ್ಷಿಯ ಗಾದೆ ವಾಪಸ್ ಬಂತು. ಈ ಸಲ ತಿಂದದ್ದು ಮೊದಲ ಮನುಷ್ಯನೇ.

ಬಾರೂಕ ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಅದೇ ದುಃಖದಲ್ಲಿ, ಬೇರೆ ಉತ್ತರ ಕೊಡುತ್ತಾನೆ. ಆದಾಮ ತನಗೆ ಮಾತ್ರ ಕಾರಣ, ನಾವು ಒಬ್ಬೊಬ್ಬರೂ ನಮ್ಮ ನಮ್ಮ ಆದಾಮರಾಗಿದ್ದೇವೆ. ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ಭಾರ ಇಟ್ಟವರು ಕಡಿಮೆ.

ಒಂದು ಮಾತು ಗಮನಿಸಿ. ದೂರುವ ಎಜ್ರನ ಪುಸ್ತಕದಲ್ಲೂ ಅವನಿಗೆ ಉತ್ತರ ಕೊಡುವ ದೇವದೂತ ಕೊನೆವರೆಗೂ ಬಗ್ಗುವುದಿಲ್ಲ. ಕಾನೂನು ಗೊತ್ತಿತ್ತು, ಬುದ್ಧಿ ಇತ್ತು, ಆದ್ದರಿಂದ ಜವಾಬು ಕೊಡಲೇಬೇಕು ಅನ್ನುವುದು ಅವನ ನಿಲುವು. ಎಜ್ರನ ಪ್ರಶ್ನೆಗೆ ಅದು ಸಮಾಧಾನ ಅಂತ ನನಗಂತೂ ಅನ್ನಿಸಲಿಲ್ಲ.

ಕೊಪ್ಪದ ಓದುಗ:
ಎಜ್ರನ ದೂರು ಸರಿಯಾಗಿಯೇ ಇದೆ ಅಲ್ವಾ? ರೋಗ ಒಳಗೇ ಇಟ್ಟು ಔಷಧದ ಚೀಟಿ ಮಾತ್ರ ಕೊಟ್ಟರೆ? ಇದಕ್ಕೆ ಆಮೇಲಿನವರು ಏನಂದರು?

ನಿವೃತ್ತ ಮೇಷ್ಟ್ರು:
ರಬ್ಬಿಗಳು, ಅಂದರೆ ಆಮೇಲಿನ ಯೆಹೂದಿ ಧರ್ಮಪಂಡಿತರು, ಆ ದೂರನ್ನು ಒಪ್ಪಿಕೊಂಡೇ ತಿರುಗಿಸಿಬಿಟ್ಟರು. ಅವರ ಚರ್ಚೆಗಳ ದೊಡ್ಡ ಸಂಗ್ರಹ ತಾಲ್ಮೂದಿನ ಕಿದ್ದುಶೀನ್ ಭಾಗದಲ್ಲಿ ದೇವರೇ ಹೇಳುತ್ತಾನೆ: ಕೆಟ್ಟ ಒಲವನ್ನು ಹುಟ್ಟಿಸಿದ್ದು ನಾನೇ, ಅದಕ್ಕೆ ಮದ್ದಾಗಿ ತೋರಾವನ್ನು, ಅಂದರೆ ಧರ್ಮಶಾಸ್ತ್ರವನ್ನು, ಹುಟ್ಟಿಸಿದ್ದೂ ನಾನೇ. ಆ ಪೋಲಿ ಎದುರು ಬಂದರೆ ಅವನನ್ನು ಪಾಠಶಾಲೆಗೆ ಎಳೆದುಕೊಂಡು ಹೋಗು ಅಂತ ಸಲಹೆ ಬೇರೆ.

ಇನ್ನೂ ಮುಂದೆ ಹೋದರು. ದೇವರು ಆರನೇ ದಿನ ತಾನು ಮಾಡಿದ್ದೆಲ್ಲ 'ಬಹಳ ಒಳ್ಳೆಯದು' ಅಂದದ್ದು ಈ ಕೆಟ್ಟ ಒಲವನ್ನೂ ಸೇರಿಸಿಯೇ ಅಂತ ಒಂದು ಹಳೆ ವ್ಯಾಖ್ಯಾನ. ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳು ಮಾಡುತ್ತಿರಲಿಲ್ಲ, ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ಯೋಮಾ ಭಾಗದಲ್ಲಿ ಇದಕ್ಕೊಂದು ಕಥೆಯೇ ಇದೆ. ಜನ ಸೇರಿ ಆ ಒಲವನ್ನು ಹಿಡಿದು ಮೂರು ದಿನ ಬಂಧನದಲ್ಲಿಟ್ಟರಂತೆ. ದೇಶವಿಡೀ ಹುಡುಕಿದರೂ ಅವತ್ತಿಟ್ಟ ಒಂದು ಕೋಳಿಮೊಟ್ಟೆ ಸಿಗಲಿಲ್ಲ. ಕೊಂದರೆ ಲೋಕವೇ ನಿಂತುಹೋಗುತ್ತೆ ಅಂತ ಹೆದರಿ ಕಣ್ಣು ಕುರುಡು ಮಾಡಿ ಬಿಟ್ಟುಕಳಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಬ್ಬಾಯೆಯ ಕಥೆ. ಬಾಬಿಲೋನಿನಲ್ಲಿ ನಾಲ್ಕನೇ ಶತಮಾನದ ದೊಡ್ಡ ವಿದ್ವಾಂಸ. ಒಬ್ಬ ಗಂಡಸು ಒಬ್ಬ ಹೆಂಗಸಿಗೆ, ಬೆಳಗ್ಗೆ ಬೇಗ ಎದ್ದು ಜೊತೆಗೆ ಹೊರಡೋಣ ಅಂದದ್ದು ಕಿವಿಗೆ ಬಿತ್ತು. ಏನಾದರೂ ಅನಾಹುತ ಆದೀತು, ತಪ್ಪಿಸೋಣ ಅಂತ ಇವರು ಹಿಂದೆಯೇ ಹೊರಟರು. ಜೌಗು ನೆಲದಲ್ಲಿ ಹರದಾರಿಗಟ್ಟಲೆ ನಡೆದರು. ಆ ಇಬ್ಬರೂ ಏನೂ ಮಾಡಲಿಲ್ಲ. ದಾರಿ ಬೇರೆಯಾಗುವಾಗ, ದಾರಿ ದೂರ, ಜೊತೆ ಮಾತ್ರ ಹಿತವಾಗಿತ್ತು ಅಂತ ಹೇಳಿ ಅವರವರ ಕಡೆ ಹೋದರು. ಅಬ್ಬಾಯೆಗೆ ಸಂಕಟವಾಯಿತು. ಆ ಜಾಗದಲ್ಲಿ ನಾನಿದ್ದಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ ಅಂತ ಬಾಗಿಲಿಗೆ ಒರಗಿ ನಿಂತರು. ಒಬ್ಬ ಮುದುಕ ಬಂದು ಹೇಳಿದ: ಯಾರು ಇನ್ನೊಬ್ಬನಿಗಿಂತ ದೊಡ್ಡವನೋ ಅವನ ಒಲವೂ ಅಷ್ಟೇ ದೊಡ್ಡದು.

ಧರ್ಮಗುರುವೇ ಪತ್ತೇದಾರಿಕೆಗೆ ಹೋಗಿ ತನ್ನನ್ನೇ ಹಿಡಿದುಕೊಂಡು ಬಂದ ಕಥೆ ಇದು. ಇದನ್ನು ಮುಚ್ಚಿಡದೆ ಬರೆದಿಟ್ಟರಲ್ಲ, ಅದಕ್ಕೆ ಮೆಚ್ಚಬೇಕು.

ಧಾರವಾಡ ವಕೀಲ:
ಕಥೆ ಚೆನ್ನಾಗಿದೆ. ಆದರೆ ಕಾನೂನು ಅನ್ನುವುದು ಮನಸ್ಸಿಗೆ ಮದ್ದು ಅಂತ ನೀವು ಹೇಳುವಾಗ ಒಂದು ತೊಡಕು ಇದೆ. ನಿಯಮ ಇದೆ ಅಂತ ಮಾಡಿದವನು ದೊಡ್ಡವನಾ, ಯಾರೂ ಹೇಳದೆ ತಾನಾಗಿ ಮಾಡಿದವನು ದೊಡ್ಡವನಾ? ನಾವಾದರೆ ತಾನಾಗಿ ಮಾಡಿದವನು ಅಂತೀವಿ.

ಕಿದ್ದುಶೀನ್‌ನಲ್ಲೇ ಅಷ್ಕೆಲೋನಿನ ದಾಮಾ ಅನ್ನುವವನ ಕಥೆ ಬರುತ್ತೆ. ಯೆಹೂದಿಯಲ್ಲ. ಮಹಾಯಾಜಕನ ಉಡುಪಿಗೆ ಬೇಕಾದ ರತ್ನ ಕೊಳ್ಳಲು ಪಂಡಿತರು ಬಂದರು, ಲಾಭ ಆರು ಲಕ್ಷ. ಪೆಟ್ಟಿಗೆಯ ಕೀಲಿ ಮಲಗಿದ್ದ ಅಪ್ಪನ ತಲೆಯಡಿ ಇತ್ತು. ದಾಮಾ ಅಪ್ಪನನ್ನು ಎಬ್ಬಿಸಲಿಲ್ಲ, ವ್ಯಾಪಾರ ಬಿಟ್ಟ. ಇಂಥ ಕಥೆಯ ಕೊನೆಗೆ ರಬ್ಬಿ ಹನೀನಾ ಏನನ್ನುತ್ತಾರೆ ಗೊತ್ತೇ? ಆಜ್ಞೆ ಇಲ್ಲದವನೇ ಇಷ್ಟು ಮಾಡಿದ ಮೇಲೆ ಆಜ್ಞೆ ಇರುವವನ ಫಲ ಇನ್ನೆಷ್ಟು! ಯಾಕೆಂದರೆ ಆಜ್ಞೆ ಪಡೆದು ಮಾಡಿದವನು, ಆಜ್ಞೆ ಇಲ್ಲದೆ ಮಾಡಿದವನಿಗಿಂತ ದೊಡ್ಡವನು. ನನಗೆ ಇದು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಗಣಿತದ ಟೀಚರ್:
ಇಳಿಯಬಾರದು ಕೂಡ. ಆಜ್ಞೆ ಇದ್ದವರೇ ದೊಡ್ಡವರು ಅನ್ನೋದಾದರೆ ಹೆಂಗಸರ ಕಥೆ ಏನು? ರಬ್ಬಿಗಳ ಹಳೆಯ ಕಾನೂನು ಸಂಗ್ರಹ ಮಿಶ್ನಾದ ಪ್ರಕಾರ ನಿಗದಿತ ಹೊತ್ತಿಗೆ ಮಾಡಬೇಕಾದ ವಿಧಿಗಳಿಂದ ಹೆಂಗಸರಿಗೆ ವಿನಾಯಿತಿ. ವಿನಾಯಿತಿ ಅಂತ ಕೊಟ್ಟು ಆಮೇಲೆ ವಿನಾಯಿತಿ ಇದ್ದವರು ಚಿಕ್ಕವರು ಅಂದರೆ? ಇವರ 'ನೈತಿಕ ಮನುಷ್ಯ' ಬಹುಪಾಲು ಕಡೆ ಪಾಠಶಾಲೆಗೆ ಹೋಗುವ ಗಂಡಸು. ಅಬ್ಬಾಯೆಯ ಕಥೆಯಲ್ಲೂ ಆ ಹೆಂಗಸಿನ ಒಲವಿನ ಬಗ್ಗೆ ಯಾರಿಗೂ ಕುತೂಹಲ ಇಲ್ಲ ನೋಡಿ.

ನಿವೃತ್ತ ಮೇಷ್ಟ್ರು:
ಟೀಚರ್ ಹೇಳಿದ್ದಕ್ಕೆ ನನ್ನ ಬಳಿ ಉತ್ತರ ಇಲ್ಲ, ಇರುವುದೇ ಹಾಗೆ. ಆದರೆ ಆ ಮಾತು ಕೇಳಿ ಒಳಗೇ ಒಬ್ಬರಿಗೆ ಏನಾಯಿತು ಅಂತ ಅದೇ ಪುಟದಲ್ಲಿದೆ. ರವ್ ಯೋಸೇಫ್ ಅನ್ನುವ ಪಂಡಿತರು ಕುರುಡರು. ಕುರುಡರಿಗೆ ಆಜ್ಞೆಗಳ ಹೊಣೆ ಇಲ್ಲ ಅಂತ ರಬ್ಬಿ ಯೆಹೂದಾ ಅವರ ಅಭಿಪ್ರಾಯ ಇತ್ತು. ರವ್ ಯೋಸೇಫ್ ಹೇಳುತ್ತಾರೆ: ಮೊದಲು, ಆ ಅಭಿಪ್ರಾಯವೇ ಸರಿ ಅಂತ ಯಾರಾದರೂ ಹೇಳಿದರೆ ಪಂಡಿತರಿಗೆಲ್ಲ ಊಟ ಹಾಕಿಸುತ್ತಿದ್ದೆ, ಯಾಕೆಂದರೆ ಹೊಣೆ ಇಲ್ಲದೆಯೂ ನಾನು ಮಾಡುತ್ತಿದ್ದೇನೆ ಅಂತಾಗುತ್ತಿತ್ತು. ಹನೀನಾ ಮಾತು ಕೇಳಿದ ಮೇಲೆ, ಆ ಅಭಿಪ್ರಾಯ ಸರಿಯಲ್ಲ ಅಂತ ಹೇಳುವವರಿಗೆ ಊಟ ಹಾಕಿಸುತ್ತೇನೆ.

ನಮಗೆ ಹೊರೆ ಅನ್ನಿಸಿದ್ದು ಅವರಿಗೆ ಸದಸ್ಯತ್ವ. ಕಾನೂನು ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ ಅಂತ ಒಬ್ಬ ಮನುಷ್ಯ ಬೇಡುತ್ತಿದ್ದಾನೆ.

ಕುಂದಾಪುರ ಸಿಸ್ಟರ್:
ನಾನು ಪಂಡಿತೆ ಅಲ್ಲ. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನಮ್ಮ ಕರಾವಳಿ ಕಡೆಯವರು ತುಂಬ ಜನ ಅಲ್ಲಿ ಇದ್ದಾರೆ. ಯೋಮ್ ಕಿಪ್ಪೂರ್, ಅಂದರೆ ಅವರ ಪ್ರಾಯಶ್ಚಿತ್ತದ ದಿನ, ರಸ್ತೆಯಲ್ಲಿ ಗಾಡಿಗಳೇ ಇರಲ್ಲ, ಮಕ್ಕಳು ಹೆದ್ದಾರಿಯಲ್ಲಿ ಸೈಕಲ್ ಹೊಡೀತಾರೆ. ಅದಕ್ಕಿಂತ ಮುಂಚಿನ ದಿನಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಫೋನ್ ಹಿಡಿದು ಒಬ್ಬೊಬ್ಬರಿಗೂ ಕ್ಷಮೆ ಕೇಳೋರು. ದೇವರ ಹತ್ತಿರ ಕೇಳಿದರೆ ಸಾಲದಾ ಅಂದೆ. ದೇವರಿಗೆ ಅದನ್ನು ಕ್ಷಮಿಸೋ ಅಧಿಕಾರ ಇಲ್ಲ ಅಂದ್ರು. ಇದು ಆ ಹಳೆ ಪುಸ್ತಕಗಳಲ್ಲೂ ಇದೆಯಾ?

ನಿವೃತ್ತ ಮೇಷ್ಟ್ರು:
ಇದೆ ತಾಯಿ, ಮಿಶ್ನಾದ ಯೋಮಾ ಭಾಗದ ಕೊನೆಯ ಅಧ್ಯಾಯದಲ್ಲಿ. ಮನುಷ್ಯ ಮತ್ತು ದೇವರ ನಡುವಿನ ತಪ್ಪಿಗೆ ಆ ದಿನ ಪರಿಹಾರ. ಮನುಷ್ಯ ಮನುಷ್ಯರ ನಡುವಿನದ್ದಕ್ಕೆ, ನೊಂದವನನ್ನು ಸಮಾಧಾನ ಮಾಡುವ ತನಕ ಆ ದಿನವೂ ಪರಿಹಾರ ಕೊಡದು. ಅದರ ಜೊತೆಗೇ, ಈಗ ಪಾಪ ಮಾಡ್ತೀನಿ, ಆ ದಿನ ತೊಳೆದುಹೋಗುತ್ತೆ ಅಂತ ಲೆಕ್ಕ ಹಾಕಿದವನಿಗೂ ಪರಿಹಾರ ಇಲ್ಲ ಅಂತಿದೆ.

ಧಾರವಾಡ ವಕೀಲ:
ಸಿಸ್ಟರ್ ಅವರ ಅಜ್ಜಿ ನನಗಿಂತ ಚೆನ್ನಾಗಿ ಕಾನೂನು ಹೇಳಿದ್ದಾರೆ. ಇದರ ಪಕ್ಕದಲ್ಲಿ ಇಡಬೇಕಾದ ಒಂದು ಪ್ರಕರಣ ತಾಲ್ಮೂದಿನ ಬಾವಾ ಮೆಚಿಯಾ ಭಾಗದಲ್ಲಿದೆ. ರಬ್ಬಾ ಬರ್ ಬರ್ ಹನಾನ್ ಅನ್ನುವ ವಿದ್ವಾಂಸರ ವೈನಿನ ಪೀಪಾಯಿಯನ್ನು ಹಮಾಲರು ಒಡೆದುಹಾಕಿದರು. ಇವರು ನಷ್ಟಕ್ಕೆ ಅಂತ ಅವರ ಮೇಲುಡುಪು ಕಿತ್ತುಕೊಂಡರು. ಹಮಾಲರು ರವ್ ಅಂತಲೇ ಹೆಸರಾದ ಪಂಡಿತರ ಹತ್ತಿರ ಹೋದರು. ಬಟ್ಟೆ ವಾಪಸ್ ಕೊಡು ಅಂದರು ರವ್. ಇದು ಕಾನೂನೇ ಅಂತ ಕೇಳಿದರು ರಬ್ಬಾ. ಹೌದು, 'ಒಳ್ಳೆಯವರ ದಾರಿಯಲ್ಲಿ ನಡೆ' ಅಂತಿದೆ. ಕೊಟ್ಟರು. ಹಮಾಲರು ಬಿಡಲಿಲ್ಲ: ನಾವು ಬಡವರು, ದಿನವಿಡೀ ದುಡಿದೆವು, ಹಸಿವಾಗಿದೆ, ಕೈಯಲ್ಲಿ ಏನೂ ಇಲ್ಲ. ಕೂಲಿಯನ್ನೂ ಕೊಡು ಅಂದರು ರವ್. ಇದೂ ಕಾನೂನೇ? ಹೌದು, 'ನೀತಿವಂತರ ಹಾದಿ ಹಿಡಿ'.

ರವ್ ತೋರಿಸಿದ್ದು ಜ್ಞಾನೋಕ್ತಿ 2:20ನ್ನು. ಅದು ಕಾನೂನಿನ ಪುಸ್ತಕ ಅಲ್ಲವೇ ಅಲ್ಲ, ಬುದ್ಧಿಮಾತಿನ ಪುಸ್ತಕ. ಅಪೀಲಿಗೆ ಹೋದರೆ ಆ ತೀರ್ಪು ನಿಲ್ಲುತ್ತಿರಲಿಲ್ಲ ಅಂತ ನನ್ನೊಳಗಿನ ವಕೀಲ ಹೇಳುತ್ತಾನೆ. ಆದರೆ ರವ್ ನೋಡಿದ್ದು ಎದುರಿಗಿದ್ದ ಮನುಷ್ಯ ಯಾರು ಅಂತ. ಆ ಮಾಲೀಕ ವಿದ್ವಾಂಸ. ಅವನಿಗೆ ಬೇರೆಯವರಿಗಿಂತ ಜಾಸ್ತಿ ಕಾನೂನು ಅನ್ವಯವಾಗುತ್ತೆ.

ಕೊಪ್ಪದ ಓದುಗ:
ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಣುವುದು ಒಂದು. ತಪ್ಪಿನ ಮೂಲವನ್ನು ಅಪ್ಪ, ಆತ್ಮ, ಬೀಜ, ಒಲವು ಅಂತ ಎಲ್ಲೆಲ್ಲಿ ಹುಡುಕಿದರೂ, ಹೊಣೆಯನ್ನು ಮಾತ್ರ ಯಾರೂ ಆ ಕಡೆಗೆ ವರ್ಗಾಯಿಸಲಿಲ್ಲ. ವಕೀಲರೇ, ಯೆಹೆಜ್ಕೇಲನ ಅಧ್ಯಾಯ ಮುಗಿಯುವುದು ಸಾಯುವವನ ಸಾವಿನಲ್ಲಿ ನನಗೆ ಸಂತೋಷ ಇಲ್ಲ ಅನ್ನುವ ದೇವರ ಮಾತಿನಿಂದ. ಮರಣದಂಡನೆಗೆ ಇದು ತಾಗಿತೇ?

ಧಾರವಾಡ ವಕೀಲ:
ತಾಗಿತು ಅಂತಲೇ ನನಗನ್ನಿಸುತ್ತೆ. ಸುಮಾರು ಕ್ರಿ.ಶ. 200ರಲ್ಲಿ ಮಿಶ್ನಾ ಒಟ್ಟಾಗುವ ಹೊತ್ತಿಗೆ ಇವರ ಕೈಯಲ್ಲಿ ಯಾರನ್ನೂ ಗಲ್ಲಿಗೇರಿಸುವ ಅಧಿಕಾರ ಇರಲಿಲ್ಲ, ಆದ್ದರಿಂದ ಬಹಳಷ್ಟು ಕಾಗದದ ಮೇಲಿನ ನ್ಯಾಯಾಲಯ. ಆದರೂ ಕೇಳಿ. ರಬ್ಬಿಗಳ ಪ್ರಕಾರ ಸಾಂದರ್ಭಿಕ ಸಾಕ್ಷ್ಯ ನಡೆಯುವುದಿಲ್ಲ, ಕಣ್ಣಾರೆ ಕಂಡ ಇಬ್ಬರು ಬೇಕು. ಅಷ್ಟೇ ಅಲ್ಲ, ಅಪರಾಧಕ್ಕೆ ಮುಂಚೆ ಅವನನ್ನು ಎಚ್ಚರಿಸಿರಬೇಕು. ಇದಕ್ಕೆ ಸಾವಿನ ಶಿಕ್ಷೆ ಇದೆ ಅಂತ ಕೇಳಿಸಿಕೊಂಡು, ಗೊತ್ತು ಅಂತ ಹೇಳಿ, ಅದಕ್ಕೆ ಒಪ್ಪಿಯೇ ಮಾಡಿರಬೇಕು. ಹಾಗೆ ಹೇಳಿ ಕೊಲೆ ಮಾಡುವವರು ಎಷ್ಟು ಜನ ಸಿಕ್ಕಾರು?

ಮಿಶ್ನಾದ ಮಕ್ಕೋತ್ ಭಾಗದಲ್ಲಿ ಇದು ಬಾಯಿಬಿಟ್ಟೇ ಬರುತ್ತೆ. ಏಳು ವರ್ಷಕ್ಕೆ ಒಬ್ಬನನ್ನು ಕೊಲ್ಲಿಸಿದ ನ್ಯಾಯಸಭೆ ನಾಶಕಾರಿ. ರಬ್ಬಿ ಎಲಾಜಾರ್ ಬೆನ್ ಅಜರ್ಯಾ ಎಪ್ಪತ್ತು ವರ್ಷಕ್ಕೆ ಒಬ್ಬ ಅಂದರು. ರಬ್ಬಿಗಳಾದ ತರ್ಫೋನ್ ಮತ್ತು ಅಕೀವಾ, ಆ ಸಭೆಯಲ್ಲಿ ನಾವಿದ್ದಿದ್ದರೆ ಯಾರನ್ನೂ ಎಂದಿಗೂ ಕೊಲ್ಲುತ್ತಿರಲಿಲ್ಲ ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಖುಷಿಯಾಗುತ್ತಿತ್ತು. ಆದರೆ ಶಿಮೋನ್ ಬೆನ್ ಗಮ್ಲಿಯೇಲ್ ಅವರ ಜವಾಬನ್ನೂ ಬರೆದಿಟ್ಟಿದ್ದಾರೆ: ಹಾಗೆ ಮಾಡಿದರೆ ಇಸ್ರಾಯೇಲಿನಲ್ಲಿ ಕೊಲೆಗಡುಕರನ್ನು ಇವರೇ ಹೆಚ್ಚಿಸುತ್ತಿದ್ದರು. ನಾನು ಕ್ರಿಮಿನಲ್ ಕೇಸುಗಳಲ್ಲೇ ಇರುವವನು. ನನಗೆ ಅಕೀವಾ ಇಷ್ಟ, ಆದರೆ ಶಿಮೋನ್ ಹೇಳಿದ್ದನ್ನು ತಳ್ಳಿಹಾಕಲು ಆಗುತ್ತಿಲ್ಲ. ಟೀಚರ್ ಏನಂತೀರಿ?

ಗಣಿತದ ಟೀಚರ್:
ನಾನು ಅಕೀವಾ ಕಡೆ. ಕಾರಣ ನಾಳೆ ಬರೀತೀನಿ, ಉತ್ತರಪತ್ರಿಕೆಗಳ ಕಟ್ಟು ಕಾಯ್ತಾ ಇದೆ.